146ರ ಪೀಕ್ ಕಂಡು ಕುಣಿಯುವ ಮೊದಲು

ಸಿಂಕ್ರೊಟ್ರಾನ್‌ಗೆ, ಅಂದರೆ ಪ್ರಖರ ಎಕ್ಸ್‌ರೇ ಕೊಡುವ ದೊಡ್ಡ ಯಂತ್ರಕ್ಕೆ, ಬರುವ ಹೊಸಬರದು ಒಂದೇ ಕಥೆ. ಗ್ಯಾಸ್‌ಗೆ ಎಕ್ಸ್‌ರೇ ಹೊಡೆದು, ನಾಲ್ಕು ದಿನ ಧನ ಅಯಾನುಗಳನ್ನು (ಎಲೆಕ್ಟ್ರಾನ್ ಕಳೆದುಕೊಂಡ ಅಣು, ಚೂರುಗಳನ್ನು) ಎಣಿಸಿ ಬೇಜಾರಾಗಿ, ಕೊನೆಯ ರಾತ್ರಿ ವೋಲ್ಟೇಜ್‌ಗಳ ಪ್ಲಸ್ಸು ಮೈನಸ್ಸು ಅದಲುಬದಲು ಮಾಡುತ್ತಾರೆ. ಡಿಟೆಕ್ಟರ್ ಹುಚ್ಚು ಹಿಡಿದ ಹಾಗೆ ಎಣಿಸತೊಡಗುತ್ತದೆ. "ಸರ್, ಋಣ ಅಯಾನು ಸಿಕ್ತು!"

ಸಿಕ್ಕಿದ್ದು ಎಲೆಕ್ಟ್ರಾನ್. ಅದೂ ಋಣವೇ ಅಲ್ವಾ, ಅದೇ ದಾರಿ ಹಿಡಿದು ಬರುತ್ತದೆ. ಇದಕ್ಕೆ ಮದ್ದು ಸುಲಭ, ಒಂದು ಸಣ್ಣ ಅಯಸ್ಕಾಂತ. ಬರೀ 10 ಗೌಸ್ ಕಾಂತಕ್ಷೇತ್ರ ಇದ್ದರೂ 10 ಎಲೆಕ್ಟ್ರಾನ್ ವೋಲ್ಟ್‌ನ ಎಲೆಕ್ಟ್ರಾನ್ ಒಂದು ಸೆಂಟಿಮೀಟರ್ ತ್ರಿಜ್ಯದಲ್ಲೇ ಸುತ್ತಿ ಪಕ್ಕಕ್ಕೆ ಹೋಗುತ್ತದೆ. ಅಷ್ಟೇ ಶಕ್ತಿಯ ಫ್ಲೋರಿನ್ ಅಯಾನಿಗೆ ಆ ತ್ರಿಜ್ಯ ಎರಡು ಮೀಟರ್ ಹತ್ತಿರ. ಅದು ಹೆಚ್ಚುಕಡಿಮೆ ನೆಟ್ಟಗೇ ಬರುತ್ತದೆ. (ಋಣಕ್ಕೆ ತಿರುಗಿಸಿದಾಗ ಡಿಟೆಕ್ಟರಿನ ಕೊನೆಯ ತಟ್ಟೆ, ಅಂದರೆ ಆನೋಡ್, ಕೆಲವು ಕಿಲೋವೋಲ್ಟ್ ಮೇಲೆ ಕೂತಿರುತ್ತದೆ. ನಡುವೆ ಒಳ್ಳೆ ಕೆಪಾಸಿಟರ್ ಇಲ್ಲದಿದ್ದರೆ ಸಿಗ್ನಲ್ ಹಿಗ್ಗಿಸುವ ಪ್ರಿಆಂಪ್ ಹೋಯ್ತು. ನಾನೇ ಎರಡು ಸುಟ್ಟಿದ್ದೇನೆ.)

ನನ್ನ ತಲೆ ಕೆಡಿಸುವುದು ಇದಲ್ಲ. ಎಲೆಕ್ಟ್ರಾನ್ ತೊಲಗಿದ ಮೇಲೆ ಉಳಿದದ್ದೆಲ್ಲ ಎಕ್ಸ್‌ರೇಯ ಕೂಸೇ ಎಂದು ನಂಬುತ್ತಾರಲ್ಲ, ಅದು.

ಒಮ್ಮೆ ಸಲ್ಫರ್ ಹೆಕ್ಸಾಫ್ಲೋರೈಡ್ ಇಟ್ಟುಕೊಂಡು ಒಬ್ಬ ಹುಡುಗಿ ಬಂದಿದ್ದಳು. ರಾತ್ರಿ ಎರಡು ಗಂಟೆ. ಪರದೆಯ ಮೇಲೆ ಅಯಾನುಗಳ ತೂಕದ ಪಟ್ಟಿ: 146ರಲ್ಲಿ ದೊಡ್ಡ ಪೀಕ್, 19ರಲ್ಲಿ (ಮುರಿದುಬಂದ ಫ್ಲೋರಿನ್) ಪುಟ್ಟದು. ಅವಳ ಕಣ್ಣೆಲ್ಲ ದೊಡ್ಡದರ ಮೇಲೆ. 146 ಅಂದರೆ ಇಡೀ ಅಣು, ಒಂದು ಚೂರೂ ಮುರಿದಿಲ್ಲ. ಎಕ್ಸ್‌ರೇ ಹೊಡೆತ ತಿಂದ ಅಣು ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ. ಇದು ಒಂದನ್ನು ಜಾಸ್ತಿ ಪಡೆದು ಇಡಿಯಾಗಿ ಕೂತಿದೆ. ಹೇಗೆ? ಬೇರೆ ಅಣುವಿನಿಂದ ಹಾರಿದ ಎಲೆಕ್ಟ್ರಾನ್ ಗೋಡೆಗೆ ಬಡಿದು, ಅಲ್ಲಿಂದ ನಿಧಾನದ ಎಲೆಕ್ಟ್ರಾನ್‌ಗಳು ಹೊರಬಿದ್ದು, ಅವನ್ನು ಈ ಅಣು ಹಿಡಿದುಕೊಂಡಿದೆ. ಈ ಗ್ಯಾಸ್‌ಗೆ ಆ ಚಟ ವಿಪರೀತ.

"ಗ್ಯಾಸ್ ಅರ್ಧ ಮಾಡಮ್ಮ" ಅಂದೆ.

ಎಕ್ಸ್‌ರೇಯಿಂದ ನೇರವಾಗಿ ಹುಟ್ಟಿದ ಅಯಾನಿಗೆ ಗ್ಯಾಸ್ ಒಂದೇ ಸಲ ಬೇಕು. ಅರ್ಧ ಮಾಡಿದರೆ ಅದೂ ಅರ್ಧ. ಎರಡನೇ ಕೈಯದಕ್ಕೆ ಎರಡು ಸಲ ಬೇಕು: ಎಲೆಕ್ಟ್ರಾನ್ ಕೊಡಲು ಒಂದು ಅಣು, ಹಿಡಿಯಲು ಇನ್ನೊಂದು. ಅರ್ಧದ ಅರ್ಧ, ಅಂದರೆ ಕಾಲು ಭಾಗ. 146 ಕಾಲಿಗೆ ಇಳಿಯಿತು. 19 ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಂತಿತು. ಅದರಲ್ಲೂ ಒಂದಿಷ್ಟು ಕಲಬೆರಕೆ ಇತ್ತು ಅಂತಾಯಿತು.

ಗ್ಯಾಸ್ ಎಷ್ಟು ಇಳಿಯಿತು ಅನ್ನಲು ಒತ್ತಡದ ಗೇಜ್ ನಂಬಬೇಡಿ, ಧನ ಅಯಾನಿನ ಎಣಿಕೆಗೆ ಹೋಲಿಸಿ. ಇನ್ನೊಂದು ಎಚ್ಚರಿಕೆ: ಚದುರಿದ ಬೆಳಕು ಉಪಕರಣದೊಳಗಿನ ಲೋಹದ ಜಾಲರಿಗೆ ನೇರವಾಗಿ ಬಿದ್ದು ಹುಟ್ಟುವ ಎಲೆಕ್ಟ್ರಾನ್‌ಗಳು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅವಕ್ಕೆ ಮೊದಲ ಅಣು ಬೇಕಿಲ್ಲ.

ಸುಮ್ನೆ ಮಡಿ ಅಂದುಕೊಳ್ಳಬೇಡಿ. ಅಮೆರಿಕದ ಬರ್ಕ್ಲಿಯ ಅಡ್ವಾನ್ಸ್‌ಡ್ ಲೈಟ್ ಸೋರ್ಸ್ ಎಂಬ ಸಿಂಕ್ರೊಟ್ರಾನ್‌ನಲ್ಲಿ 2001ರ ಸುಮಾರಿಗೆ ಕಾರ್ಬನ್ ಮಾನಾಕ್ಸೈಡ್ ಮುರಿದು ಆಕ್ಸಿಜನ್ನಿನ ಋಣ ಅಯಾನುಗಳನ್ನು ಅಳೆದರು. ಎಕ್ಸ್‌ರೇಯ ಶಕ್ತಿ ಏರಿಸುತ್ತ ಹೋದರೆ, ಧನ ಅಯಾನುಗಳ ಎಣಿಕೆಯಲ್ಲಿ ಅಯಾನೀಕರಣದ ಗಡಿ (ಒಳಗಿನ ಎಲೆಕ್ಟ್ರಾನ್ ಹೊರಬೀಳಲು ಬೇಕಾದ ಶಕ್ತಿ) ದಾಟಿದ ಮೇಲೆ ಒಂದು ಅಗಲವಾದ ಉಬ್ಬು ಕಾಣುತ್ತದೆ. ಋಣದಲ್ಲಿ ಅದು ಇರಲೇ ಇಲ್ಲ. ಒಳಗಿನ ಎಲೆಕ್ಟ್ರಾನ್ ಪೂರ್ತಿ ಹೊರಟುಹೋದ ಮೇಲೆ ಚೂರಿಗೆ ಋಣವಾಗಲು ಬಂಡವಾಳ ಸಾಲದು. ಆ ಉಬ್ಬು ಇಲ್ಲದ್ದೇ ಅಲ್ಲಿನ ಸುದ್ದಿ. ಎರಡನೇ ಕೈಯ ಅಯಾನುಗಳು ಸೇರಿದ್ದರೆ? ಅವು ಹಾರಿದ ಎಲೆಕ್ಟ್ರಾನ್‌ಗಳ ಲೆಕ್ಕದಂತೆ ಏರಿಳಿಯುತ್ತವೆ. ಉಬ್ಬು ಮತ್ತೆ ಬಂದು ಕೂರುತ್ತಿತ್ತು.

ಹುಡುಗಿ ಅಷ್ಟು ಹೊತ್ತು ಮಾತಾಡಲಿಲ್ಲ. ಆಮೇಲೆ ಲಾಗ್‌ಬುಕ್ ಎಳೆದುಕೊಂಡು 146ರ ಪಕ್ಕ "ಗೋಡೆಯದ್ದು" ಅಂತ ಬರೆದಳು. ಚಹಾ ಇದೆಯಾ ಸರ್ ಅಂತ ಕೇಳಿದಳು. ಇನ್ನೂ ಮೂರು ಗಂಟೆ ಬೀಮ್ ಇತ್ತು.