ಜನರಲ್ ತಿಮ್ಮಯ್ಯ: ಜೋಜಿಲಾ ಹತ್ತಿದ ಟ್ಯಾಂಕುಗಳು

ಕೆ.ಎಸ್. ತಿಮ್ಮಯ್ಯ ಎಂದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಎರಡೇ ಸಾಲು: ಮಡಿಕೇರಿಯಲ್ಲಿ 1906ರಲ್ಲಿ ಜನನ, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥ. ಕಾರ್ಯಪ್ಪನವರೊಂದಿಗೆ ಕಲಸಿಬಿಡುವವರೂ ಇದ್ದಾರೆ. ಕಾರ್ಯಪ್ಪ ತರಬೇತಿ ಪಡೆದದ್ದು ಇಂದೋರಿನಲ್ಲಿ. ತಿಮ್ಮಯ್ಯ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಶಾಲೆಯಲ್ಲಿ ಕಲಿತು 1926ರಲ್ಲಿ ಕಮಿಷನ್ ಪಡೆದು ಸೇನಾಧಿಕಾರಿಯಾದವರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಕಾನಿನಲ್ಲಿ ಬೆಟಾಲಿಯನ್ ನಡೆಸಿ ಡಿಎಸ್‌ಒ ಎಂಬ ಬ್ರಿಟಿಷ್ ಸೇನಾ ಪದಕ ಪಡೆದರು. ಆ ಯುದ್ಧದ ಕದನರಂಗದಲ್ಲಿ ಕಾಲಾಳು ಬ್ರಿಗೇಡ್ ನಡೆಸಿದ ಭಾರತೀಯ ಅವರೊಬ್ಬರೇ.

ಆದರೆ ನಿಧಾನವಾಗಿ ಓದಬೇಕಾದ್ದು ಕಾಶ್ಮೀರಕ್ಕಾಗಿ ಪಾಕಿಸ್ತಾನದೊಂದಿಗೆ ನಡೆದ ಯುದ್ಧದಲ್ಲಿನ 1948ರ ಜೋಜಿಲಾ ಕದನ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯ ಈ ಬೆಟ್ಟದ ಕಣಿವೆದಾರಿ ಸುಮಾರು 11,500 ಅಡಿ ಎತ್ತರದಲ್ಲಿದೆ. ಅದು ಶತ್ರುವಿನ ಕೈಯಲ್ಲಿದ್ದಷ್ಟು ದಿನ ಲೇಹ್‌ಗೆ ಈ ಕಡೆಯಿಂದ ನೆಲದ ದಾರಿಯೇ ಇಲ್ಲ. ಚಳಿಗಾಲದ ಹಿಮ ದಾರಿ ಮುಚ್ಚುವ ಮೊದಲೇ ಕೆಲಸ ಮುಗಿಯಬೇಕಿತ್ತು.

ಸೆಪ್ಟೆಂಬರಿನಲ್ಲಿ 77ನೇ ಪ್ಯಾರಾ ಬ್ರಿಗೇಡ್ ನಡೆಸಿದ ದಾಳಿಗಳು ಸೋತವು. ಕಾರಣ ಧೈರ್ಯದ ಕೊರತೆಯಲ್ಲ, ನೆಲದ ರಚನೆ. ಇಕ್ಕಟ್ಟಾದ ದಾರಿ, ಎರಡೂ ಬದಿಯ ಬಂಡೆಗಳ ಸಂದಿಯಲ್ಲಿ ಮೆಷಿನ್‌ಗನ್. ಕಾಲಾಳುಗಳಿಗೆ ಮರೆಯಿಲ್ಲ, ಬಂಡೆಯೊಳಗಿನ ಗನ್ನಿನ ಬಾಯಿ ಮುಚ್ಚಿಸಲು ಎದುರಿನಿಂದಲೇ ನೇರ ಗುಂಡು ಬೇಕು. ಅದಕ್ಕೆ ಡಿವಿಷನ್ ಮುಖ್ಯಸ್ಥ ತಿಮ್ಮಯ್ಯ ಆರಿಸಿದ್ದು 7ನೇ ಲೈಟ್ ಕ್ಯಾವಲ್ರಿ ಎಂಬ ಟ್ಯಾಂಕ್ ದಳದ ಸ್ಟುವರ್ಟ್ ಟ್ಯಾಂಕುಗಳನ್ನು: ಸುಮಾರು 15 ಟನ್ ತೂಕ, 37 ಮಿ.ಮೀ. ಫಿರಂಗಿ. ದೊಡ್ಡ ಟ್ಯಾಂಕುಗಳ ಮುಂದೆ ಇವು ಹಗುರ.

ಹಗುರ ಎಂದರೂ ಜಮ್ಮು ಕಡೆಯಿಂದ ಬರುವ ದಾರಿಯ ಸೇತುವೆಗಳಿಗೆ ಅದೂ ಭಾರವೇ. ಹಾಗಾಗಿ ಫಿರಂಗಿ ಕೂತ ತಿರುಗುವ ಮೇಲ್ಭಾಗವನ್ನು, ಅಂದರೆ ಟರೆಟ್ಟನ್ನು, ಕಳಚಿ ಬೇರೆಯಾಗಿ ಸಾಗಿಸಿದರು. ಇದರಿಂದ ಗುಟ್ಟೂ ಉಳಿಯಿತು. ಮುಂದೆ ಜೋಜಿಲಾದ ಬುಡದಲ್ಲಿರುವ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ಕಾಲುದಾರಿ ಮಾತ್ರ. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆಯವರು ಶತ್ರುವಿನ ಗುಂಡಿನ ನಡುವೆಯೇ ಬಂಡೆ ಒಡೆದು ಅದನ್ನು ಟ್ಯಾಂಕ್ ಹಾಯುವಷ್ಟು ಅಗಲ ಮಾಡಿದರು. ಟ್ಯಾಂಕುಗಳನ್ನಷ್ಟೇ ನೆನೆದು ಇವರನ್ನು ಮರೆತರೆ ಕಥೆ ಅರ್ಧವೇ.

ಹವಾಮಾನ ಕೆಟ್ಟು ದಿನ ಮುಂದೆ ಹೋಗಿ, ನವೆಂಬರ್ 1ರ ಮಧ್ಯಾಹ್ನ ಹಿಮದಲ್ಲೇ ದಾಳಿ ಶುರುವಾಯಿತು. ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಆ ಎತ್ತರದಲ್ಲಿ ಟ್ಯಾಂಕ್ ಬರುತ್ತದೆಂದು ಎದುರಾಳಿ ಎಣಿಸಿರಲಿಲ್ಲ. ಬಂಡೆಯ ಗೂಡುಗಳಿಗೆ ನೇರವಾಗಿ ಗುಂಡು ಬಿದ್ದಾಗ ಕಾವಲು ಒಡೆಯಿತು, ಹಿಂದೆಯೇ ಕಾಲಾಳುಗಳು ನುಗ್ಗಿದರು. ನವೆಂಬರ್ ಮುಗಿಯುವುದರೊಳಗೆ ದ್ರಾಸ್ ಮತ್ತು ಕಾರ್ಗಿಲ್ ಕೈಗೆ ಬಂದವು, ಲೇಹ್ ದಾರಿ ತೆರೆಯಿತು.