ಗಾಂಜಾ ಅಂಗಡಿಗೆ ಬಂದರೆ ಅಪರಾಧ ಇಳಿಯುತ್ತದೆಯೇ?

ಗಾಂಜಾ ಒಂದು ಗಿಡ. ಅದನ್ನು ಬೆಳೆದು, ಒಣಗಿಸಿ, ಚೊಕ್ಕ ಮಾಡಲು ಆಗುವ ಖರ್ಚು ಬಹಳ ಕಡಿಮೆ. ಆದರೆ ನಿಷೇಧ ಇರುವ ಕಡೆ ಅದು ತೀರಾ ದುಬಾರಿ. ಹಾಗಾದರೆ ಕೊಳ್ಳುವವನು ಕೊಡುವ ದುಡ್ಡು ಯಾವುದಕ್ಕೆ ಹೋಗುತ್ತದೆ?

ಅಮೆರಿಕದಲ್ಲಿ ಈ ಪ್ರಶ್ನೆಯನ್ನು 1986ರಲ್ಲಿ ಪೀಟರ್ ರಾಯ್ಟರ್ ಮತ್ತು ಮಾರ್ಕ್ ಕ್ಲೈಮನ್ ಎಂಬ ಸಂಶೋಧಕರು ಚೆನ್ನಾಗಿ ಬಿಡಿಸಿ ನೋಡಿದರು. ಆ ಬೆಲೆಯಲ್ಲಿ ದೊಡ್ಡ ಪಾಲು ಅಪಾಯದ ಕೂಲಿ. ಜೈಲಿಗೆ ಹೋಗುವ ಭಯ ಇರುತ್ತದೆ. ಮಾಲು ಸಿಕ್ಕಿಬೀಳಬಹುದು. ಇನ್ನೊಂದು ಗ್ಯಾಂಗ್ ಬಂದು ದೋಚಬಹುದು. ಜೊತೆಗಿರುವವನು ಬಾಯಿ ಬಿಡದಂತೆ ಅವನಿಗೂ ಜಾಸ್ತಿ ಕೊಡಬೇಕು. ಕದ್ದುಮುಚ್ಚಿ ಬೆಳೆಯುವವನು ನೂರು ಎಕರೆಯಲ್ಲಿ ಬೆಳೆಯಲಾರ, ಯಂತ್ರ ತರಲಾರ, ಗೋದಾಮು ಕಟ್ಟಲಾರ. ಮಾಲು ಕೈಯಿಂದ ಕೈಗೆ ಸಾಗುತ್ತದೆ, ಪ್ರತಿ ಕೈಯೂ ತನ್ನ ಅಪಾಯದ ಬೆಲೆಯನ್ನು ಸೇರಿಸುತ್ತದೆ.

ನಿಷೇಧ ತೆಗೆದರೆ ಈ ಕೂಲಿ ಉಳಿಯುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2014ರ ಜುಲೈನಲ್ಲಿ ಗಾಂಜಾ ಅಂಗಡಿಗಳು ತೆರೆದವು. ಮೊದಲು ಅಂಗಡಿಗಳು ಬೆರಳೆಣಿಕೆಯಷ್ಟಿದ್ದವು, ಗ್ರಾಂಗೆ ಸುಮಾರು 25 ಡಾಲರ್. ಕೆಲವೇ ವರ್ಷಗಳಲ್ಲಿ ಅದು 10 ಡಾಲರ್‌ಗಿಂತ ಕೆಳಗಿಳಿಯಿತು, ಅದೂ 37 ಶೇಕಡಾ ತೆರಿಗೆ ಸೇರಿಸಿ. ಪಕ್ಕದ ಆರೆಗನ್‌ನಲ್ಲಿ ರೈತರು ಎಷ್ಟು ಬೆಳೆದರೆಂದರೆ, 2018ರ ಹೊತ್ತಿಗೆ ಸಗಟು ಬೆಲೆ ಕುಸಿದು ಅವರೇ ಕಂಗಾಲಾದರು. ಬೆಲೆ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಾಗಿದೆ. ಇಳಿಯುತ್ತದೆ.

ಅಪರಾಧದ ಲೆಕ್ಕ ಇಷ್ಟು ಸಲೀಸಲ್ಲ. ಮಾದಕ ವಸ್ತು ಮತ್ತು ಹಿಂಸೆಯ ನಂಟನ್ನು ಸಂಶೋಧಕ ಪಾಲ್ ಗೋಲ್ಡ್‌ಸ್ಟೀನ್ 1985ರಲ್ಲಿ ಮೂರಾಗಿ ವಿಂಗಡಿಸಿದರು. ಅಮಲಿನಲ್ಲಿ ಮಾಡುವುದು ಒಂದು, ಚಟದ ದುಡ್ಡಿಗಾಗಿ ಮಾಡುವ ಕಳ್ಳತನ ಇನ್ನೊಂದು. ಮೂರನೆಯದು ದಂಧೆಯೇ ಹುಟ್ಟಿಸುವ ಹಿಂಸೆ. ಕೊಟ್ಟ ಸಾಲ ವಾಪಸ್ ಬರದಿದ್ದರೆ ಈ ದಂಧೆಯವನು ಕೋರ್ಟಿಗೆ ಹೋಗಲಾಗದು, ಬಂದೂಕನ್ನೇ ನಂಬಬೇಕು. ಗಾಂಜಾ ವಿಷಯದಲ್ಲಿ ಮೊದಲಿನ ಎರಡೂ ಚಿಕ್ಕವು. ಕುಡಿದು ಹೊಡೆದಾಡುವವರ ಮುಂದೆ ಗಾಂಜಾ ಸೇದಿದವರ ಗಲಾಟೆ ಏನೂ ಅಲ್ಲ. ಹೆರಾಯಿನ್ ಚಟಕ್ಕೆ ಬೇಕಾಗುವಷ್ಟು ದುಡ್ಡೂ ಇದಕ್ಕೆ ಬೇಡ. ಹಾಗಾಗಿ ಕಾನೂನು ಬದಲಾದರೆ ಮುಖ್ಯವಾಗಿ ಇಳಿಯಬೇಕಾದದ್ದು ಮೂರನೆಯ ಬಗೆಯ ಹಿಂಸೆ.

ಇಳಿದ ಗುರುತುಗಳೂ ಇವೆ. ಔಷಧಕ್ಕಾಗಿ ಗಾಂಜಾ ಬಳಸಲು ಒಪ್ಪಿಗೆ ಕೊಟ್ಟ ಅಮೆರಿಕದ ರಾಜ್ಯಗಳ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮೆಕ್ಸಿಕೊ ಗಡಿಗೆ ಹೊಂದಿಕೊಂಡ ರಾಜ್ಯಗಳಲ್ಲಿ ಹಿಂಸೆಯ ಅಪರಾಧಗಳು ಸುಮಾರು 13 ಶೇಕಡಾ ಇಳಿದದ್ದು ಅದರಲ್ಲಿ ಕಂಡಿತು. ಕಳ್ಳಸಾಗಣೆಯ ಗ್ಯಾಂಗ್‌ಗಳ ಲಾಭಕ್ಕೆ ಪೆಟ್ಟು ಬಿದ್ದದ್ದೇ ಕಾರಣ ಎಂದು ಸಂಶೋಧಕರು ವಾದಿಸಿದರು. ಅಮೆರಿಕದ ಗಡಿ ಕಾವಲು ಪಡೆ 2013ರಲ್ಲಿ ಹಿಡಿದ ಗಾಂಜಾ ಹತ್ತಿರ ಹತ್ತಿರ 11 ಲಕ್ಷ ಕಿಲೋ. 2019ರಲ್ಲಿ ಅದು 1.2 ಲಕ್ಷ ಕಿಲೋ ಆಸುಪಾಸಿಗೆ ಬಂತು.

ಆದರೆ ಗ್ಯಾಂಗ್‌ಗಳು ಅಂಗಡಿ ಮುಚ್ಚಿ ಮನೆಗೆ ಹೋಗಲಿಲ್ಲ. ಮೆತಾಂಫೆಟಮಿನ್ ಮತ್ತು ಫೆಂಟನಿಲ್ ಎಂಬ ಇನ್ನೂ ಅಪಾಯದ ಮಾದಕ ವಸ್ತುಗಳ ಕಡೆಗೆ ತಿರುಗಿದವು. ದಕ್ಷಿಣ ಅಮೆರಿಕದ ಉರುಗ್ವೆ 2013ರ ಕೊನೆಗೆ ಇಡೀ ದೇಶದಲ್ಲೇ ಗಾಂಜಾವನ್ನು ಕಾನೂನುಬದ್ಧ ಮಾಡಿತು, 2017ರಿಂದ ಔಷಧಿ ಅಂಗಡಿಗಳಲ್ಲಿ ಸರ್ಕಾರವೇ ಬೆಲೆ ಗೊತ್ತುಮಾಡಿ ಮಾರಿಸಿತು. ಆದರೂ 2018ರಲ್ಲಿ ಅಲ್ಲಿನ ಕೊಲೆಗಳ ಸಂಖ್ಯೆ ದಾಖಲೆ ಮುಟ್ಟಿತು. ಕೊಕೇನ್ ದಂಧೆಯ ಜಗಳ ಗಾಂಜಾ ಕಾನೂನಿನಿಂದ ತಣ್ಣಗಾಗುವಂಥದ್ದಲ್ಲ, ಅಲ್ವಾ? ಹಾಗಂತ ಲಾಭವೇ ಇಲ್ಲ ಎನ್ನಲಾಗದು. ಜೇಬಿನಲ್ಲಿ ಸ್ವಲ್ಪ ಗಾಂಜಾ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಬಂಧನವಾದ ಹುಡುಗನ ಹೆಸರು ಪೊಲೀಸ್ ದಾಖಲೆಗೆ ಸೇರುತ್ತದೆ, ಕೆಲಸ ಕೇಳಲು ಹೋದಲ್ಲೆಲ್ಲ ಅದು ಬೆನ್ನು ಹತ್ತುತ್ತದೆ. ಆ ಅನ್ಯಾಯ ನಿಲ್ಲುವುದನ್ನು ನಾನು ದೊಡ್ಡ ಲಾಭ ಎಂದೇ ಎಣಿಸುತ್ತೇನೆ.

ಕಾಳಸಂತೆ ಸಾಯುವುದೂ ಬದುಕುವುದೂ ಬೆಲೆಯ ಮೇಲೆ. ಕೆನಡಾದಲ್ಲಿ 2018ರ ಅಕ್ಟೋಬರ್‌ನಲ್ಲಿ ಮಾರಾಟ ಶುರುವಾಯಿತು. ಒಂದು ವರ್ಷ ಕಳೆದ ಮೇಲೂ ಅಂಗಡಿಯ ಮಾಲು ಗ್ರಾಂಗೆ ಸುಮಾರು 10 ಕೆನಡಾ ಡಾಲರ್ ಇತ್ತು, ಕಾಳಸಂತೆಯಲ್ಲಿ 6 ಡಾಲರ್‌ಗಿಂತ ಕಡಿಮೆ. ಜನ ಎಲ್ಲಿಗೆ ಹೋಗುತ್ತಾರೆ ಹೇಳಿ. ಅಂಗಡಿಗಳು ಹೆಚ್ಚಿ ಬೆಲೆ ಇಳಿದ ಮೇಲೆ ಅಲ್ಲಿ ಹೆಚ್ಚಿನವರು ಅಂಗಡಿಗೆ ಬಂದರು. ಕ್ಯಾಲಿಫೋರ್ನಿಯಾದಲ್ಲಿ ಹಾಗಾಗಲಿಲ್ಲ. ತೆರಿಗೆ ಜಾಸ್ತಿ, ಅರ್ಧಕ್ಕಿಂತ ಹೆಚ್ಚು ಊರುಗಳಲ್ಲಿ ಅಂಗಡಿ ತೆರೆಯಲು ಅನುಮತಿಯೇ ಇಲ್ಲ. ಕಾಳಸಂತೆ ಗಟ್ಟಿಯಾಗಿಯೇ ಉಳಿಯಿತು. ಕೊನೆಗೆ 2022ರಲ್ಲಿ ಬೆಳೆಯ ಮೇಲಿನ ತೆರಿಗೆಯನ್ನು ಸರ್ಕಾರವೇ ರದ್ದು ಮಾಡಿತು.

ಹಾಗಾದರೆ ಆದಷ್ಟು ಅಗ್ಗ ಮಾಡಿದರೆ ಆಯಿತೇ? ನನ್ನ ಚಿಂತೆ ಇರುವುದೇ ಇಲ್ಲಿ. ಮಾದಕ ವಸ್ತು ನೀತಿಯ ಸಂಶೋಧಕ ಜೊನಾಥನ್ ಕಾಲ್ಕಿನ್ಸ್ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಅಮೆರಿಕದಲ್ಲಿ 1992ರಲ್ಲಿ ದಿನವೂ ಅಥವಾ ಹೆಚ್ಚುಕಡಿಮೆ ದಿನವೂ ಗಾಂಜಾ ಸೇದುವವರು 10 ಲಕ್ಷವೂ ಇರಲಿಲ್ಲ. 2022ರಲ್ಲಿ ಅವರು 1 ಕೋಟಿ 77 ಲಕ್ಷ. ಅಷ್ಟೇ ಸಲ ಮದ್ಯ ಕುಡಿಯುವವರಿಗಿಂತಲೂ ಜಾಸ್ತಿ. ಇದಕ್ಕೆಲ್ಲ ಅಗ್ಗದ ಬೆಲೆಯೊಂದೇ ಕಾರಣವಲ್ಲ. ಆದರೆ ಬೆಲೆ ಇಳಿದರೆ ದಿನವಿಡೀ ಸೇದುವವನಿಗೇ ಹೆಚ್ಚು ಅನುಕೂಲ, ಚಟಕ್ಕೆ ಬೀಳುವವನೂ ಅವನೇ. ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ತೆರಿಗೆ ಹಾಕಿದರೆ, ಬೆಲೆ ಬಿದ್ದ ಹಾಗೆ ತೆರಿಗೆಯೂ ಬೀಳುತ್ತದೆ. ಅಮಲೇರಿಸುವ ಟಿಎಚ್‌ಸಿ ಎಷ್ಟಿದೆ ಎಂದು ನೋಡಿ ತೆರಿಗೆ ಹಾಕುವುದು ಇದಕ್ಕಿಂತ ಉತ್ತಮ. ಇಲಿನಾಯ್ ರಾಜ್ಯ ಸ್ವಲ್ಪಮಟ್ಟಿಗೆ ಹಾಗೆ ಮಾಡುತ್ತಿದೆ. ಟಿಎಚ್‌ಸಿ 35 ಶೇಕಡಾ ಮೀರಿದರೆ ಅಲ್ಲಿ ತೆರಿಗೆ 10ರಿಂದ 25 ಶೇಕಡಾಕ್ಕೆ ಏರುತ್ತದೆ.

ಯಾವಾಗ ಏರಿಸಬೇಕು ಎಂಬುದೂ ಮುಖ್ಯ. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಮುಗಿದಾಗ ಕಳ್ಳಭಟ್ಟಿಯವರು ಇನ್ನೂ ಬಲವಾಗಿದ್ದರು. 1934ರಲ್ಲಿ ವಿಸ್ಕಿಯಂಥ ಕಡು ಮದ್ಯದ ಮೇಲಿನ ಕೇಂದ್ರ ತೆರಿಗೆ ಗ್ಯಾಲನ್‌ಗೆ 2 ಡಾಲರ್ ಮಾತ್ರ ಇತ್ತು. ಅದು ಹಂತ ಹಂತವಾಗಿ ಏರಿ 1951ರಲ್ಲಿ 10.50 ಡಾಲರ್ ಮುಟ್ಟಿತು. ಗಾಂಜಾಕ್ಕೂ ಇದೇ ಕ್ರಮ ಸರಿ ಎಂದು ನನಗನಿಸುತ್ತದೆ. ಮೊದಲು ಕಾಳಸಂತೆಯವನಿಗೆ ಗಿರಾಕಿ ಇಲ್ಲದಂತೆ ಮಾಡಬೇಕು, ಆಮೇಲೆ ವರ್ಷ ವರ್ಷ ತೆರಿಗೆ ಏರಿಸಬೇಕು.