ಶಾಲೆಗಳಲ್ಲಿ ಸೈಕಾಲಜಿಸ್ಟ್‌ಗಳು ಯಾಕೆ ನಿಲ್ಲುತ್ತಿಲ್ಲ? ಅಮೆರಿಕದ ಒಂದು ಹಳೇ ಕೊರತೆ

1896ರಲ್ಲಿ ಫಿಲಡೆಲ್ಫಿಯಾದ ಟೀಚರ್ ಮಾರ್ಗರೆಟ್ ಮಗ್ವೈರ್ ತಮ್ಮ ವಿದ್ಯಾರ್ಥಿಯೊಬ್ಬನ ಚಿಂತೆ ಹೊತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಹುಡುಗ ಚುರುಕಾಗಿದ್ದ. ಆದರೆ ಸ್ಪೆಲಿಂಗ್ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಅಲ್ಲಿನ ಸೈಕಾಲಜಿ ಪ್ರೊಫೆಸರ್ ಲೈಟ್ನರ್ ವಿಟ್ಮರ್ ಪರೀಕ್ಷಿಸಿದಾಗ ಕಣ್ಣಿನ ದೋಷ ಗೊತ್ತಾಯಿತು. ಕನ್ನಡಕ ಬಂತು, ಜೊತೆಗೆ ಅವನೊಬ್ಬನಿಗೇ ಓದಿನ ಪಾಠವೂ ನಡೆಯಿತು. ಶಾಲಾ ಸೈಕಾಲಜಿಸ್ಟ್ ಎನ್ನುವ ಕೆಲಸದ ಬೇರು ಇಲ್ಲಿದೆ. ಮಗುವಿನ ಪಕ್ಕ ಕೂರಲು ವಿಟ್ಮರ್ ಅವರಿಗೆ ಸಮಯ ಇತ್ತು. ಇವತ್ತು ಸಿಗದೇ ಇರುವುದು ಅದೇ.

ಆ ಹೆಸರಿನ ಹುದ್ದೆ ಬಂದದ್ದು 1915ರಲ್ಲಿ, ಕನೆಕ್ಟಿಕಟ್ ರಾಜ್ಯ ಮಕ್ಕಳ ಬೆಳವಣಿಗೆಯ ತಜ್ಞ ಆರ್ನಾಲ್ಡ್ ಗೆಸೆಲ್ ಅವರನ್ನು ನೇಮಿಸಿಕೊಂಡಾಗ. ಆಮೇಲೆ ದಶಕಗಳ ಕಾಲ ಇದು ದೊಡ್ಡ ಊರುಗಳ ಕೆಲಸವಾಗಿಯೇ ಉಳಿಯಿತು.

ಎಲ್ಲವನ್ನೂ ಬದಲಿಸಿದ್ದು 1975ರ ಕಾನೂನು. ಅಂಗವೈಕಲ್ಯ ಇರುವ ಪ್ರತಿ ಮಗುವಿಗೂ ಸರ್ಕಾರಿ ಶಾಲೆಯಲ್ಲಿ ಉಚಿತ, ತಕ್ಕ ಶಿಕ್ಷಣ ಕೊಡಲೇಬೇಕು ಎಂದಿತು. ಅಲ್ಲಿಯವರೆಗೆ ಸುಮಾರು 10 ಲಕ್ಷ ಮಕ್ಕಳು ಶಾಲೆಯ ಹೊರಗೇ ಇದ್ದರು. ಇಷ್ಟು ಒಳ್ಳೇ ಕಾನೂನು ಅಪರೂಪ. ಆದರೆ ವಿಶೇಷ ಶಿಕ್ಷಣ ಸಿಗಬೇಕಾದರೆ ಮೊದಲು ಮಗುವಿನ ಮೌಲ್ಯಮಾಪನ ಆಗಬೇಕು. ಅದನ್ನು ಮಾಡುವವರು ಯಾರು? ಸೈಕಾಲಜಿಸ್ಟ್. ಹುದ್ದೆಗಳು ಹೆಚ್ಚಿದವು, ಕೆಲಸ ಮಾತ್ರ ಕಿರಿದಾಗುತ್ತಾ ಹೋಯಿತು.

ಆ ಕೆಲಸ ಹೇಗಿರುತ್ತೆ ಅಂತ ಹತ್ತಿರದಿಂದ ನೋಡಿ. ಮೇಜಿನ ಮೇಲೆ ಕೆಂಪು ಬಿಳಿ ಬಣ್ಣದ ಚಿಕ್ಕ ಘನಗಳು. ಚಿತ್ರದಲ್ಲಿ ಇರುವ ಹಾಗೆ ಮಗು ಅವನ್ನು ಜೋಡಿಸಬೇಕು. ಸೈಕಾಲಜಿಸ್ಟ್ ಕೈಯಲ್ಲಿ ಸ್ಟಾಪ್‌ವಾಚ್. ಇಂಥ ಒಂದೊಂದೇ ಪರೀಕ್ಷೆ ಮುಗಿಸಿ, ಅಂಕ ಲೆಕ್ಕ ಹಾಕಿ, ಉದ್ದದ ವರದಿ ಬರೆಯಬೇಕು. ಪಾಲಕರು ಸಹಿ ಹಾಕಿದ 60 ದಿನದೊಳಗೆ ಮೌಲ್ಯಮಾಪನ ಮುಗಿಯಬೇಕು (ಕೆಲವು ರಾಜ್ಯಗಳ ಗಡುವು ಬೇರೆ). ಮೂರು ವರ್ಷಕ್ಕೊಮ್ಮೆ ಮರು ಮೌಲ್ಯಮಾಪನ ಬೇರೆ. ಅಷ್ಟರಲ್ಲಿ ಪಕ್ಕದ ಕ್ಲಾಸಿನಲ್ಲಿ ಒಂದು ಮಗು ಅಳುತ್ತಾ ಕೂತಿದ್ದರೆ ಅದನ್ನು ಮಾತಾಡಿಸೋಕೆ ಬಿಡುವೆಲ್ಲಿ?

ಈ ಕೆಲಸಕ್ಕೆ ಬರುವ ದಾರಿಯೂ ಉದ್ದ. ಪದವಿ ಆದಮೇಲೆ ಸಾಮಾನ್ಯವಾಗಿ ಇನ್ನೂ ಮೂರು ವರ್ಷ ಓದು, ಅದರಲ್ಲಿ 1,200 ಗಂಟೆಗಳ ಇಂಟರ್ನ್‌ಶಿಪ್. ಎಷ್ಟೋ ಕಡೆ ಅದಕ್ಕೆ ಸಂಬಳ ತೀರಾ ಕಡಿಮೆ, ಇಲ್ಲವೇ ಇಲ್ಲ. ಸಾಲ ಮಾಡಿ ಓದಿದವರು ಹಳ್ಳಿಗಾಡಿನ ಡಿಸ್ಟ್ರಿಕ್ಟ್‌ಗೆ ಹೋಗಲು ಹಿಂಜರಿಯುತ್ತಾರೆ. (ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆಯಲ್ಲ. ಕೆಲವು ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ.) 1969ರಲ್ಲಿ ಹುಟ್ಟಿದ ಶಾಲಾ ಸೈಕಾಲಜಿಸ್ಟ್‌ಗಳ ರಾಷ್ಟ್ರೀಯ ಸಂಘ 500 ಮಕ್ಕಳಿಗೆ ಒಬ್ಬರು ಇರಬೇಕು ಎನ್ನುತ್ತದೆ. ದೇಶದ ಸರಾಸರಿಯಲ್ಲಿ ಒಬ್ಬರ ಪಾಲಿಗೆ 1,000ಕ್ಕೂ ಜಾಸ್ತಿ ಮಕ್ಕಳು ಬೀಳುತ್ತಾರೆ. ಒಬ್ಬರು ಬಿಟ್ಟುಹೋದರೆ ಅವರ ಫೈಲುಗಳೆಲ್ಲ ಉಳಿದವರ ಮೇಜಿಗೆ ಬರುತ್ತವೆ. ಮುಂದಿನ ವರ್ಷ ಅವರೂ ಹೊರಡುತ್ತಾರೆ. ಡಿಸ್ಟ್ರಿಕ್ಟ್‌ಗಳು ಏಜೆನ್ಸಿಗಳಿಂದ ಗುತ್ತಿಗೆಗೆ ಜನ ತರಿಸುತ್ತವೆ. ಗಡುವು ತಪ್ಪೋದಿಲ್ಲ ನಿಜ, ಆದರೆ ಮಕ್ಕಳು ವರ್ಷವರ್ಷವೂ ಹೊಸ ಮುಖ ನೋಡಬೇಕು.

2021ರ ಡಿಸೆಂಬರ್‌ನಲ್ಲಿ ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಎಚ್ಚರಿಸಿದ್ದು ಆಗಿನ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಮುಖ್ಯ ವೈದ್ಯ) ವಿವೇಕ್ ಮೂರ್ತಿ, ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಕುಟುಂಬದವರು. ಮುಂದಿನ ಮೇ ತಿಂಗಳಲ್ಲಿ ಟೆಕ್ಸಸ್‌ನ ಯುವಾಲ್ಡಿ ಶಾಲೆಯಲ್ಲಿ ಗುಂಡಿನ ದಾಳಿ ಆಯಿತು. ಜೂನ್‌ನಲ್ಲಿ ಎರಡೂ ಪಕ್ಷಗಳ ಬೆಂಬಲದಿಂದ ಬಂದ ಕಾನೂನು ಶಾಲೆಗಳಲ್ಲಿ ಮಾನಸಿಕ ಆರೋಗ್ಯದ ಸಿಬ್ಬಂದಿ ಹೆಚ್ಚಿಸಲು 100 ಕೋಟಿ ಡಾಲರ್ ತೆಗೆದಿಟ್ಟಿತು. ಇಂಟರ್ನ್‌ಗಳಿಗೆ ಸ್ಟೈಪೆಂಡ್ ಕೊಡಲು, ಊರಿನವರನ್ನೇ ಓದಿಸಿ ಊರಿನಲ್ಲೇ ಉಳಿಸಿಕೊಳ್ಳಲು ದಾರಿ ಆಯಿತು. 2025ರ ಏಪ್ರಿಲ್‌ನಲ್ಲಿ ಹೊಸ ಸರ್ಕಾರ ಈ ಅನುದಾನ ಮುಂದುವರಿಸೋದಿಲ್ಲ ಎಂದಿತು. ಹಲವು ರಾಜ್ಯಗಳು ಕೋರ್ಟಿಗೆ ಹೋದವು. ಮೂರು ವರ್ಷದ ಕೋರ್ಸಿಗೆ ಸೇರಿದವರ ಹಣವನ್ನು ನಡುವೆಯೇ ನಿಲ್ಲಿಸುವುದು ದೊಡ್ಡ ತಪ್ಪು ಅಂತಲೇ ನನಗೆ ಅನ್ನಿಸುತ್ತದೆ.

ಹಣ ಬಂದರೂ ಇನ್ನೊಂದು ಕೆಲಸ ಬಾಕಿ ಇದೆ. ಮೀಟಿಂಗ್‌ಗೆ ದಿನ ಗೊತ್ತು ಮಾಡುವುದು, ಫಾರ್ಮ್ ತುಂಬುವುದು ಇದನ್ನೆಲ್ಲ ಬೇರೆ ಸಿಬ್ಬಂದಿಗೆ ವಹಿಸಬೇಕು. ಹೊಸಬರಿಗೆ ಮೊದಲ ವರ್ಷ ಒಬ್ಬ ಹಿರಿಯರ ಜೊತೆ ಬೇಕು. ವಾರದಲ್ಲಿ ಕೆಲವು ಗಂಟೆಯಾದರೂ, ಸ್ಟಾಪ್‌ವಾಚ್ ಪಕ್ಕಕ್ಕಿಟ್ಟು, ಸುಮ್ನೆ ಒಂದು ಮಗುವಿನ ಜೊತೆ ಕೂರಲು ಬಿಡಬೇಕು. ಅವರು ಈ ಕೆಲಸ ಆರಿಸಿಕೊಂಡದ್ದೇ ಅದಕ್ಕೆ ಅಲ್ವಾ?